ಮೂರು ಕೂಗಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಕುಕ್ಕರ್‌ನಲ್ಲಿ ಬೇಳೆ ಇಟ್ಟವರು ಗಡಿಯಾರ ನೋಡುವುದು ಕಡಿಮೆ. 'ಮೂರು ಕೂಗು ಆಯ್ತಾ?' ಅಂತ ಕೇಳುತ್ತಾರೆ. ಉರಿ ಸಣ್ಣದಿದ್ದರೆ ಆ ಮೂರು ಕೂಗಿಗೆ 20 ನಿಮಿಷ ಬೇಕು, ಜೋರಾಗಿದ್ದರೆ 10 ನಿಮಿಷ ಸಾಕು. ಬೇಳೆ ಬೆಂದಿತೋ ಇಲ್ಲವೋ ಅನ್ನುವುದನ್ನು ಹೇಳುವುದು ಕೂಗು.

ನಾನು ಹಾಲಿನ ಡೇರಿಗಳಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವವನು. ಪೈಪಿನಲ್ಲಿ ಹರಿಯುವ ಹಾಲು ಎಷ್ಟು ಬಿಸಿ ಇದೆ, ಎಷ್ಟು ವೇಗವಾಗಿ ಹೋಗುತ್ತಿದೆ, ಸ್ಟೀಮ್ ಒತ್ತಡ ಎಷ್ಟು, ಎಲ್ಲವನ್ನೂ ಸೆನ್ಸರ್‌ಗಳು ಅಳೆಯುತ್ತವೆ. ಸೆಕೆಂಡಿಗೆ ಒಂದು ರೀಡಿಂಗ್ ಅಂದರೂ ಒಂದು ಸೆನ್ಸರ್‌ನಿಂದ ದಿನಕ್ಕೆ 86,400. ಇವೆಲ್ಲ ಕಂಪ್ಯೂಟರ್‌ಗೆ ಹೋಗಿ ಡ್ಯಾಶ್‌ಬೋರ್ಡ್ ಪರದೆಯ ಮೇಲೆ ಗೆರೆಗಳಾಗಿ ಕಾಣುತ್ತವೆ. ನೋಡಲು ಚೆಂದ. ಆದರೆ ಆ ಪರದೆಗೆ ಗಡಿಯಾರ ಬಿಟ್ಟರೆ ಬೇರೆ ಏನೂ ಗೊತ್ತಿರುವುದಿಲ್ಲ. ನಿನ್ನೆಯದು ತೋರಿಸು ಅಂದರೆ ತೋರಿಸುತ್ತದೆ. 'ಹಾಲು ಹರಿಯುತ್ತಿದ್ದಾಗಿನದು ಮಾತ್ರ ತೋರಿಸು' ಅಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಅದನ್ನು ಅರ್ಥವಾಗಿಸುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಪಾಶ್ಚರೈಸರ್ ಅನ್ನುವ ಯಂತ್ರವನ್ನೇ ತೆಗೆದುಕೊಳ್ಳಿ. ಹಾಲನ್ನು 72 ಡಿಗ್ರಿಗೆ ಕಾಯಿಸಿ, 15 ಸೆಕೆಂಡ್ ಹಾಗೇ ಇಟ್ಟು, ತಕ್ಷಣ 4 ಡಿಗ್ರಿಯ ಹತ್ತಿರಕ್ಕೆ ತಣಿಸುವುದು ಅದರ ಕೆಲಸ. ಬಿಸಿ ಸಾಲದೆ ಹೋದರೆ ಒಂದು ವಾಲ್ವ್ ತಾನಾಗಿ ತಿರುಗಿ ಹಾಲನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಗಾಬರಿ ಬೇಡ. ಹಾಲಿನ ಕೆಲಸ ಮುಗಿದ ಮೇಲೆ ಅದೇ ಪೈಪುಗಳಲ್ಲಿ ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿ ನೀರು, ಆಮೇಲೆ ಆಸಿಡ್ ನೀರು ಹರಿಸಿ ತೊಳೆಯುತ್ತಾರೆ. ಯಂತ್ರ ಬಿಚ್ಚದೆ ಮಾಡುವ ಈ ತೊಳೆತಕ್ಕೆ ಡೇರಿಯವರು ಸಿಐಪಿ ಅನ್ನುತ್ತಾರೆ. ಉಳಿದ ಹೊತ್ತು ಯಂತ್ರ ಸುಮ್ನೆ ನಿಂತಿರುತ್ತದೆ.

ಈಗ ಒಂದು ಲೆಕ್ಕ. 14 ಗಂಟೆ ಹಾಲು, 73 ಡಿಗ್ರಿ. 3 ಗಂಟೆ ತೊಳೆತ, 78 ಡಿಗ್ರಿ ಅಂತಿಟ್ಟುಕೊಳ್ಳಿ. 7 ಗಂಟೆ ಖಾಲಿ, 28 ಡಿಗ್ರಿ. ಇಡೀ ದಿನದ ಸರಾಸರಿ 60.5. ಈ 60.5 ಡಿಗ್ರಿಯಲ್ಲಿ ಆ ಯಂತ್ರ ಯಾವತ್ತೂ ನೆಲೆ ನಿಂತಿಲ್ಲ! ಆದರೂ ದಿನದ ವರದಿಯಲ್ಲಿ ಅದೇ ಅಂಕಿ ಇರುತ್ತದೆ. ಅದನ್ನು ನೋಡಿದ ಮ್ಯಾನೇಜರ್ ಫೋನ್ ಮಾಡುತ್ತಾರೆ. ಅದಕ್ಕಿಂತ ಕೆಟ್ಟದ್ದೂ ಇದೆ. ತೊಳೆತದ 78 ಡಿಗ್ರಿ ಹಾಲಿನ ಲೆಕ್ಕದೊಳಗೆ ಸೇರಿಕೊಂಡರೆ, ಹಾಲು ಕಡಿಮೆ ಕಾದ ದಿನವೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

ಇದಕ್ಕೆ ದಾರಿ ಅಂದರೆ, ರೀಡಿಂಗ್‌ಗಳ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಡುವುದು. ಯಾವ ಕೆಲಸ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು. ಇಷ್ಟೇ. ಒಂದೊಂದು ಸಾಲೂ ಒಂದು ಈವೆಂಟ್. ಆಮೇಲೆ ಶುರುವಿಗೂ ಮುಗಿತಾಯಕ್ಕೂ ನಡುವೆ ಬಿದ್ದ ರೀಡಿಂಗ್‌ಗಳನ್ನು ಮಾತ್ರ ಆರಿಸಿಕೊಳ್ಳಬೇಕು. ರೀಡಿಂಗ್‌ಗಳನ್ನು ಕೂಡಿಡುವ ಪಿಐ ಸಿಸ್ಟಮ್ ಅನ್ನುವ ಸಾಫ್ಟ್‌ವೇರ್ ಬಳಸುವ ಕಾರ್ಖಾನೆಗಳಲ್ಲಿ ಇದಕ್ಕೆ ಈವೆಂಟ್ ಫ್ರೇಮ್ ಅಂತಲೇ ಹೆಸರು. ಗ್ರಫಾನಾ ಅನ್ನುವ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್‌ನಲ್ಲಾದರೆ ಈವೆಂಟ್‌ಗಳ ಪಟ್ಟಿಯನ್ನು ಒಂದು ಟೇಬಲ್ ಮಾಡಿ, ಯಾವ ಸಾಲನ್ನು ಒತ್ತಿದರೂ ಪರದೆಯ ಹೊತ್ತು ಆ ಈವೆಂಟ್‌ಗೆ ಹೊಂದಿಕೊಳ್ಳುವ ಹಾಗೆ ಲಿಂಕ್ ಕೊಡಬಹುದು. ಸಾಧನ ಯಾವುದಾದರೂ ಆಗಲಿ, ಆ ಪಟ್ಟಿ ಸರಿ ಇರಬೇಕು.

ಅದೇ ಕಷ್ಟ. ಹಾಲು ಶುರುವಾಯಿತು ಅಂತ ಕಂಪ್ಯೂಟರ್‌ಗೆ ಹೇಗೆ ತಿಳಿಯಬೇಕು? ಬಿಸಿ ನೋಡಿದರೆ ಸಾಲದು, ಕಾಸ್ಟಿಕ್ ನೀರೂ ಬಿಸಿಯೇ. ಪಂಪ್ ನೋಡಿದರೂ ಸಾಲದು, ತೊಳೆಯುವಾಗಲೂ ಅದು ಓಡುತ್ತದೆ. ಕಾಸ್ಟಿಕ್ ನೀರಿನಲ್ಲೂ ಆಸಿಡ್ ನೀರಿನಲ್ಲೂ ವಿದ್ಯುತ್ ಹಾಲಿಗಿಂತ ಬಹಳ ಸಲೀಸಾಗಿ ಹರಿಯುತ್ತದೆ. ಅದನ್ನು ಅಳೆಯುವ ಸೆನ್ಸರ್ ಇದ್ದರೆ ಹಾಲನ್ನು ಅವುಗಳಿಂದ ಬೇರೆ ಮಾಡಬಹುದು. ಪಂಪ್ ಓಡುತ್ತಿದೆ, ವಾಲ್ವ್ ಮುಂದಕ್ಕೆ ತಿರುಗಿದೆ, ಪೈಪಿನಲ್ಲಿ ಕಾಸ್ಟಿಕ್ ಆಗಲಿ ಆಸಿಡ್ ಆಗಲಿ ಇಲ್ಲ. ಮೂರೂ ಸೇರಿದಾಗ ಹಾಲು.

ನಾನು ಮೊದಲ ಸಲ ಇದನ್ನು ಮಾಡಿದಾಗ ಒಂದೇ ಬೆಳಗ್ಗೆ 40 ಈವೆಂಟ್ ಹುಟ್ಟಿಕೊಂಡವು. ನಡೆದದ್ದು ಒಂದೇ ಸಲ! ಹಾಲಿನ ನೊರೆಯಿಂದ ಒಂದು ಸೆನ್ಸರ್ ಕಣ್ಣು ಮಿಟುಕಿಸಿದ ಹಾಗೆ ಆನ್, ಆಫ್, ಆನ್, ಆಫ್ ಆಗುತ್ತಿತ್ತು. ಷರತ್ತು 30 ಸೆಕೆಂಡ್ ಬಿಡದೆ ನಿಂತರೆ ಮಾತ್ರ ಶುರು, 2 ನಿಮಿಷ ಬಿಡದೆ ತಪ್ಪಿದರೆ ಮಾತ್ರ ಮುಗಿತಾಯ ಅಂತ ಬರೆದ ಮೇಲೆ ನಲವತ್ತು ಹೋಗಿ ಒಂದಾಯಿತು.

ಇನ್ನೊಂದು ಮೋಸ ಹೆಚ್ಚು ಸೂಕ್ಷ್ಮ. ಜಾಗ ಉಳಿಸಲು ಈ ಕಂಪ್ಯೂಟರ್‌ಗಳು ರೀಡಿಂಗ್ ಬದಲಾದಾಗ ಮಾತ್ರ ಬರೆದಿಟ್ಟುಕೊಳ್ಳುತ್ತವೆ. ವಾಲ್ವ್ 9.50ಕ್ಕೆ ತೆರೆಯಿತು, ಹಾಗೇ ತೆರೆದೇ ಇತ್ತು. ಈವೆಂಟ್ 10 ಗಂಟೆಗೆ ಶುರು. 10ರಿಂದ 11ರ ರೀಡಿಂಗ್ ಆರಿಸಿದರೆ ವಾಲ್ವಿನ ಸಾಲು ಖಾಲಿ! ವಾಲ್ವ್ ಮುಚ್ಚಿತ್ತು ಅಂತ ಓದಿದವರನ್ನು ನೋಡಿದ್ದೇನೆ. ಈವೆಂಟಿಗೆ ಮುಂಚಿನ ಕೊನೆಯ ರೀಡಿಂಗನ್ನೂ ಜೊತೆಗೆ ಎತ್ತಿಕೊಳ್ಳಬೇಕು. ಸರಾಸರಿಗೂ ಇದೇ ಮಾತು. ಸ್ಥಿರವಾಗಿದ್ದ ಅರ್ಧ ಗಂಟೆಗೆ ಎರಡೇ ರೀಡಿಂಗ್, ಏರುಪೇರಾದ ಐದು ನಿಮಿಷಕ್ಕೆ ಐವತ್ತು. ಹಾಗೇ ಕೂಡಿಸಿ ಭಾಗಿಸಿದರೆ ಏರುಪೇರೇ ಜಾಸ್ತಿ ತೂಗುತ್ತದೆ. ಒಂದೊಂದು ರೀಡಿಂಗ್ ಎಷ್ಟು ಹೊತ್ತು ನಿಂತಿತ್ತು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಐದೂವರೆ ಗಂಟೆಯ ಕಥೆ. ಅದನ್ನು ಹೇಳಲು ಸ್ವಲ್ಪ ನಾಚಿಕೆ. ರೀಡಿಂಗ್‌ಗಳು ಗ್ರೀನಿಚ್ ಹೊತ್ತಿನಲ್ಲಿ ಕೂತಿದ್ದವು, ಈವೆಂಟ್ ಪಟ್ಟಿ ನಮ್ಮ ಹೊತ್ತಿನಲ್ಲಿತ್ತು. ನಾನು ಗಮನಿಸಲಿಲ್ಲ. ಮಧ್ಯಾಹ್ನ ಆದ ತಪ್ಪು ಬೆಳಗಿನ ಪಾಳಿಯಲ್ಲಿ ಆದ ಹಾಗೆ ಪರದೆಯಲ್ಲಿ ಬಂತು. ಬೆಳಗಿನ ಪಾಳಿಯ ಆಪರೇಟರ್‌ನ ಕರೆಸಿ ಕೇಳಿಯೂ ಬಿಟ್ಟರು. ಆತ ಪರದೆ ನೋಡಿ, 'ಸರ್, ನಾವು ಆ ಹೊತ್ತಿಗೆ ಯಂತ್ರವನ್ನೇ ಮುಟ್ಟಿರಲಿಲ್ಲ' ಅಂದ. ಗೆರೆಗಿಂತ ಅವನ ಮಾತೇ ಸರಿ ಇತ್ತು. ಹೋಗಿ ತಪ್ಪಾಯಿತು ಅಂತ ಹೇಳಿ ಬಂದೆ.

ಇಷ್ಟೆಲ್ಲ ಪಾಡು ಪಟ್ಟಿದ್ದಕ್ಕೆ ಸಿಕ್ಕಿದ್ದೇನು ಅಂದರೆ, ಹೋಲಿಕೆ. ಹಿಂದಿನ 20 ತೊಳೆತಗಳನ್ನು ಒಂದರ ಮೇಲೊಂದು ಹಾಕಿ, ಎಲ್ಲವೂ ಸೊನ್ನೆ ನಿಮಿಷದಿಂದ ಶುರುವಾಗುವಂತೆ ಜೋಡಿಸಿದೆ. ತಾರೀಖು, ಗಂಟೆ ಎಲ್ಲ ಮಾಯ. ಕಾಸ್ಟಿಕ್ ನೀರು 75 ಡಿಗ್ರಿಗೆ ಏರಲು ಮೊದಮೊದಲು 6 ನಿಮಿಷ ಸಾಕಾಗುತ್ತಿತ್ತು. ಈಚಿನ ಗೆರೆಗಳು ಒಂದೊಂದಾಗಿ ಬಲಕ್ಕೆ ಸರಿದು 9 ನಿಮಿಷಕ್ಕೆ ಬಂದಿದ್ದವು. ಒಂದು ದಿನದ ಗೆರೆ ನೋಡಿದರೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಕೊನೆಗೆ 75 ಮುಟ್ಟಿಯೇ ಮುಟ್ಟುತ್ತಿತ್ತು. ಅಲಾರಂ ಕೂಗಲಿಲ್ಲ. ಹುಡುಕಿದಾಗ, ಸ್ಟೀಮ್ ತಣಿದು ಆದ ನೀರನ್ನು ಹೊರಗೆ ಬಿಡುವ ಸ್ಟೀಮ್ ಟ್ರ್ಯಾಪ್ ಕಟ್ಟಿಕೊಂಡು, ಆ ನೀರು ಹೊರಗೆ ಹೋಗದೆ ಒಳಗೇ ನಿಲ್ಲುತ್ತಿತ್ತು. ಅದನ್ನು ಬದಲಾಯಿಸಿದ ಮರುದಿನ ಗೆರೆ ಮತ್ತೆ 6ಕ್ಕೆ.

ಈ ಪಟ್ಟಿ ಸರಿ ಇದೆಯಾ ಅಂತ ನೋಡಲು ನನ್ನ ಹತ್ತಿರ ಒಂದೇ ಸಾಕ್ಷಿ ಇತ್ತು, ಹಿರಿಯ ಆಪರೇಟರ್ ಒಬ್ಬರ ಲಾಗ್ ಬುಕ್. ಉದ್ದನೆಯ ಗೆರೆ ಪುಸ್ತಕ, ಅಂಚುಗಳಲ್ಲಿ ಹಾಲಿನ ಕಲೆ. ಹಾಲು ಬಿಟ್ಟದ್ದು 4.10, ನಿಲ್ಲಿಸಿದ್ದು 9.35, ತೊಳೆಯಲು ಶುರು 9.50. ವರ್ಷಗಟ್ಟಲೆ ಹೀಗೇ ಬರೆದಿದ್ದರು. ನಾನು ತಿಂಗಳುಗಟ್ಟಲೆ ಕೂತು ಕಟ್ಟಿದ ಪಟ್ಟಿ ಅದೇ! ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೊಂದಿಕೊಂಡವು. ಆದರೆ ಅವರದ್ದು ಪ್ರತಿ ಸಲವೂ ಮೂರು ನಿಮಿಷ ತಡ. ನನ್ನ ಲೆಕ್ಕದಲ್ಲೇ ಏನೋ ತಪ್ಪಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಅವರನ್ನೇ ಕೇಳಿದೆ.

'ವಾಲ್ವ್ ತಿರುಗಿಸಿ, ಕೈ ತೊಳೆದು, ಒರೆಸಿಕೊಂಡು, ಆಮೇಲೆ ತಾನೇ ಸರ್ ಪೆನ್ನು ಹಿಡಿಯೋದು?' ಅಂದರು.

ನಮಸ್ಕಾರ.