ಹೊಲಿಗೆ ಒಣಗಿದ ಮೇಲೂ ಉಳಿಯುವ ಕಿವಿಯ ಉರಿ

ಎಲ್ಲರಿಗೂ ನಮಸ್ಕಾರ.

ಕಿವಿಯ ತಮಟೆಯ ತೂತು ಮುಚ್ಚಿಸಿಕೊಂಡವರು, ಮಾಸ್ಟಾಯ್ಡ್ (ಕಿವಿಯ ಹಿಂದಿನ ಮೂಳೆ) ಶಸ್ತ್ರಚಿಕಿತ್ಸೆ ಆದವರು ಕೆಲವು ವಾರಗಳ ನಂತರ ಹೆದರಿಕೊಂಡು ಬರುವುದುಂಟು. ಹೊಲಿಗೆ ಒಣಗಿರುತ್ತದೆ, ಆದರೆ ದಿಂಬು ತಾಗಿದರೂ ಉರಿ, ನಡುನಡುವೆ ಕರೆಂಟ್ ಹೊಡೆದಂಥ ಸೆಳೆತ, ಕಿವಿಯ ಹಾಲೆ ಮಾತ್ರ ಮರಗಟ್ಟಿದೆ. ಇದು ಗಾಯದ ನೋವಲ್ಲ, ನರದ ನೋವು. ಎರಡಕ್ಕೂ ಮದ್ದು ಬೇರೆ ಬೇರೆ.

ಕತ್ತಿನಿಂದ ಮೇಲೇರುವ ಗ್ರೇಟ್ ಆರಿಕ್ಯುಲರ್ ನರ ಕಿವಿಯ ಹಾಲೆಗೂ ದವಡೆಯ ಮೂಲೆಗೂ ಸ್ಪರ್ಶ ಕೊಡುತ್ತದೆ. ಕಿವಿಯ ಹಿಂದೆ ಕೊಯ್ದಾಗ ಅದರ ಸಣ್ಣ ಕವಲುಗಳು ತುಂಡಾಗುವುದು, ಎಳೆದಾಡಲ್ಪಡುವುದು ಸಾಮಾನ್ಯ. ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗಾಗಿ ಸ್ಪರ್ಶ ಮರಳಲು ತಿಂಗಳುಗಳೇ ಬೇಕು. ಕೆಲವರಲ್ಲಿ ಸ್ವಲ್ಪ ಜಾಗ ಮರಗಟ್ಟಿಯೇ ಉಳಿಯುತ್ತದೆ. ಸ್ಪರ್ಶ ಮರಳುವವರೆಗೆ ಮರಗಟ್ಟಿದ ಜಾಗಕ್ಕೆ ಬಿಸಿನೀರಿನ ಚೀಲ, ಹೇರ್ ಡ್ರೈಯರ್ ಬೇಡ. ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಪ್ಯಾರಸಿಟಮಾಲ್ ಗಾಯದ ನೋವಿಗೆ ಸರಿ, ನರದ ಉರಿಗೆ ಅಷ್ಟಾಗಿ ನಾಟುವುದಿಲ್ಲ. ಇದಕ್ಕೆ ವೈದ್ಯರು ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಪೆಂಟಿನ್ ಬರೆಯುತ್ತಾರೆ. ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಶುರುವಾಗಿ ನಿಧಾನವಾಗಿ ಏರುತ್ತದೆ. ಗುಣ ಕಾಣಲು 2ರಿಂದ 4 ವಾರ ಬೇಕು. ಎಡವುವುದು ಇಲ್ಲೇ: ಮೊದಲ ದಿನಗಳಲ್ಲಿ ಬಾಯಿ ಒಣಗುತ್ತದೆ, ಮಂಪರು ಕವಿಯುತ್ತದೆ, ನೋವು ಮಾತ್ರ ಹಾಗೇ ಇರುತ್ತದೆ, ಜನ ಮಾತ್ರೆ ಬಿಟ್ಟುಬಿಡುತ್ತಾರೆ. ಮಂಪರಿದ್ದಾಗ ವಾಹನ ಓಡಿಸಬೇಡಿ. ಗ್ಯಾಬಪೆಂಟಿನ್ ಅನ್ನಂತೂ ಥಟ್ಟನೆ ನಿಲ್ಲಿಸಲೇಬಾರದು, ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು.

ಮಾತ್ರೆಯ ಜೊತೆಗೆ ಚರ್ಮಕ್ಕೆ ಸ್ಪರ್ಶವನ್ನು ಮತ್ತೆ ರೂಢಿ ಮಾಡಿಸಬೇಕು. ಗಾಯ ಪೂರ್ತಿ ಕೂಡಿದೆ ಎಂದು ವೈದ್ಯರು ಹೇಳಿದ ಮೇಲಷ್ಟೇ ಇದನ್ನು ಶುರು ಮಾಡಿ. ಉರಿಯಿಲ್ಲದ ಅಂಚಿನಿಂದ ಒಳಕ್ಕೆ, ಮೊದಲು ಹತ್ತಿಯಿಂದ, ಅದು ಸಹಿಸುವಂತಾದ ಮೇಲೆ ಮೆತ್ತನೆಯ ಬಟ್ಟೆಯಿಂದ, ಕೊನೆಗೆ ಟವೆಲಿನಿಂದ ಸವರಬೇಕು. ಪ್ರತಿ ಸಲ ಎರಡು ಮೂರು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಸಾಕು. ಗಾಯದ ಗೆರೆಯ ಒಂದೇ ಬಿಂದುವನ್ನು ತಟ್ಟಿದಾಗಲೆಲ್ಲ ಕರೆಂಟ್ ಹರಿದಂತಾದರೆ ಅಲ್ಲಿ ನರದ ಗಂಟು ಕಟ್ಟಿರಬಹುದು. ಅದನ್ನು ವೈದ್ಯರಿಗೆ ಬೆರಳಿಟ್ಟು ತೋರಿಸಿ. ಅಗಿಯುವಾಗ ಮಾತ್ರ ನೋವಾದರೆ ಅದು ದವಡೆಯ ಕೀಲಿನದ್ದಿರಬಹುದು. ಆ ಕೀಲು ಕಿವಿಯ ನಾಳಕ್ಕೆ ಅಂಟಿಕೊಂಡೇ ಇದೆ. ಮೆತ್ತಗಿನ ಆಹಾರ ತಿಂದರೆ ತಗ್ಗುತ್ತದೆ.

ಒಳಗಿನ ಗಾಯಕ್ಕೆ ಇನ್ನೂ ತಾಳ್ಮೆ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ಕಿವಿಯ ನಾಳದಲ್ಲಿಟ್ಟ ಸ್ಪಾಂಜು ಕರಗುವ ತನಕ ಕಿವಿ ಕಟ್ಟಿದಂತೆಯೇ ಇರುತ್ತದೆ. ಮಾಸ್ಟಾಯ್ಡ್ ಕುಹರದ (ಮೂಳೆ ಕೊರೆದಾಗ ಉಳಿದ ಪೊಳ್ಳಿನ) ಒಳಗೆ ಚರ್ಮ ಹಬ್ಬಲು ಎರಡು ಮೂರು ತಿಂಗಳಾಗಬಹುದು. ಸಕ್ಕರೆ ಕಾಯಿಲೆ, ಧೂಮಪಾನ ಇದ್ದರೆ ಇನ್ನೂ ತಡ. ಸ್ನಾನಕ್ಕೆ ಒಣ ಹತ್ತಿ ಇಟ್ಟರೆ ಅದೇ ನೀರನ್ನು ಒಳಕ್ಕೆ ಹೀರುತ್ತದೆ. ಹತ್ತಿಯ ಹೊರಮೈಗೆ ವ್ಯಾಸಲೀನ್ ದಪ್ಪಗೆ ಬಳಿಯಿರಿ. ವೈದ್ಯರು ಒಪ್ಪುವ ತನಕ ಮೂಗಿನಿಂದ ಜೋರಾಗಿ ಗಾಳಿ ಊದಿ ಸಿಂಬಳ ತೆಗೆಯಬೇಡಿ, ಸೀನು ಬಂದರೆ ಬಾಯಿ ತೆರೆದೇ ಸೀನಿ. ಗಂಟಲಿನಿಂದ ಕಿವಿಗೆ ಏರುವ ಒತ್ತಡ ಹೊಸ ತಮಟೆಯನ್ನು ಎಬ್ಬಿಸಿಬಿಡಬಹುದು.

ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ದುರ್ವಾಸನೆಯ ಕೀವು ಅಥವಾ ತಿಳಿನೀರು ಸೋರಿದರೆ, ಕಿವಿಯ ಹಿಂದೆ ಊದಿಕೊಂಡರೆ, ತಲೆ ಗಿರ್ರನೆ ಸುತ್ತಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.