ಯಮಹಾ ಆರ್‌ಒನ್: ರೇಸಿನಿಂದ ರಸ್ತೆಗೆ ಬಂದ ಎಂಜಿನ್

ಕೇಳುಗರಿಗೆ ನಮಸ್ಕಾರ.

ಜಪಾನಿನ ಯಮಹಾ ಕಂಪನಿಯ ಆರ್‌ಒನ್ ಬೈಕು ಮೊದಲು ಮಾರಾಟಕ್ಕೆ ಬಂದದ್ದು 1998ರಲ್ಲಿ. 998 ಸಿಸಿಯ ಆ ಬೈಕಿನಲ್ಲಿ ಗೇರ್‌ಬಾಕ್ಸಿನ ಶಾಫ್ಟುಗಳನ್ನು ಮೇಲೆ ಕೆಳಗೆ ಜೋಡಿಸಿ ಎಂಜಿನ್ನಿನ ಉದ್ದವನ್ನೇ ತಗ್ಗಿಸಿದ್ದರು. ಆದರೂ ನಾನು ಇಂದು ಹೇಳಹೊರಟಿರುವುದು 2009ರ ಆರ್‌ಒನ್ ಕುರಿತು. ರೇಸಿನಲ್ಲಿ ಕಲಿತ ಪಾಠ ಎಂಜಿನ್ನಿನ ಒಡಲೊಳಗೇ ಇಳಿದುಬಂದದ್ದು ಆ ಬೈಕಿನಲ್ಲಿ.

ಈ ಪಾಠ ಶುರುವಾದದ್ದು ಬೈಕ್ ರೇಸಿನ ಅಗ್ರ ವಿಶ್ವ ಸ್ಪರ್ಧೆಯಾದ ಮೋಟೋಜಿಪಿಯಲ್ಲಿ. 1992ರಲ್ಲಿ ಅಮೆರಿಕದ ಸವಾರ ವೇಯ್ನ್ ರೈನಿ ಗೆದ್ದ ಮೇಲೆ ಯಮಹಾಕ್ಕೆ ಅಗ್ರ ದರ್ಜೆಯ ವಿಶ್ವ ಪ್ರಶಸ್ತಿ ದಕ್ಕಿರಲಿಲ್ಲ. 2004ರಲ್ಲಿ ಹೋಂಡಾ ಬಿಟ್ಟು ಬಂದ ಇಟಲಿಯ ಸವಾರ ವ್ಯಾಲೆಂಟಿನೋ ರೊಸ್ಸಿಯ ಮುಂದೆ, ಮಸಾವೊ ಫುರುಸಾವಾ ನೇತೃತ್ವದ ಎಂಜಿನಿಯರುಗಳು ಬೇರೆ ಬೇರೆ ವಿನ್ಯಾಸದ ಎಂಜಿನ್ನುಗಳನ್ನು ಪರೀಕ್ಷೆಗೆ ಇಟ್ಟರು. ರೊಸ್ಸಿ ಆರಿಸಿದ್ದು ಕ್ರಾಸ್‌ಪ್ಲೇನ್ ಕ್ರ್ಯಾಂಕ್‌ಶಾಫ್ಟ್ ಇದ್ದ ಎಂಜಿನ್. ಅದೇ ವರ್ಷ ದಕ್ಷಿಣ ಆಫ್ರಿಕಾದ ವೆಲ್ಕಮ್‌ನಲ್ಲಿ ನಡೆದ ಮೊದಲ ರೇಸನ್ನೂ, ವರ್ಷದ ಕೊನೆಗೆ ವಿಶ್ವ ಪ್ರಶಸ್ತಿಯನ್ನೂ ಅವರು ಗೆದ್ದರು.

ಆ ಎಂಜಿನ್ನಿನ ವಿಶೇಷವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಸ್ಟನ್ನುಗಳ ಮೇಲೆ ಕೆಳಗಿನ ಓಟವನ್ನು ಸುತ್ತುವ ಚಲನೆಯಾಗಿ ಬದಲಿಸುವ ದಂಡವೇ ಕ್ರ್ಯಾಂಕ್‌ಶಾಫ್ಟ್. ಸಾಮಾನ್ಯ ನಾಲ್ಕು ಸಿಲಿಂಡರಿನ ಬೈಕಿನಲ್ಲಿ ಎರಡು ಪಿಸ್ಟನ್ನುಗಳು ಮೇಲಿರುವಾಗ ಇನ್ನೆರಡು ಕೆಳಗಿರುತ್ತವೆ; ಹಾಗಾಗಿ ನಾಲ್ಕೂ ಒಂದೇ ಕ್ಷಣದಲ್ಲಿ ನಿಂತು, ಒಂದೇ ಕ್ಷಣದಲ್ಲಿ ಮತ್ತೆ ಹೊರಡುತ್ತವೆ. ನಿಮಿಷಕ್ಕೆ 12,000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ 400 ಬಾರಿ ನಡೆಯುತ್ತದೆ. ಪಿಸ್ಟನ್ನುಗಳ ಈ ನಿಂತು ಓಡುವ ಆಟದಿಂದ ಕ್ರ್ಯಾಂಕ್‌ಶಾಫ್ಟಿನ ಮೇಲೆ ಜಗ್ಗಾಟದ ಬಲವೊಂದು ಬೀಳುತ್ತದೆ. ಇಂಧನ ಉರಿದು ಹುಟ್ಟುವ ನಿಜವಾದ ಬಲದೊಂದಿಗೆ ಈ ಬಲವೂ ಬೆರೆತು ಹಿಂದಿನ ಟೈರಿಗೆ ತಲುಪುವುದರಿಂದ, ಬೈಕನ್ನು ಪೂರ್ತಿ ವಾಲಿಸಿ ತಿರುವಿನಿಂದ ಹೊರಬರುವ ಸವಾರನಿಗೆ ತಾನು ಎಷ್ಟು ಆಕ್ಸಿಲರೇಟರ್ ಕೊಟ್ಟರೆ ಟೈರು ಎಷ್ಟು ಹಿಡಿಯುತ್ತದೆ ಎಂಬ ಅಂದಾಜು ಮಸುಕಾಗುತ್ತದೆ. ಕ್ರಾಸ್‌ಪ್ಲೇನ್ ವಿನ್ಯಾಸದಲ್ಲಿ ಪಿಸ್ಟನ್ನುಗಳು ಜೋಡಣೆಗೊಳ್ಳುವ ಕ್ರ್ಯಾಂಕಿನ ಪಿನ್ನುಗಳು 90 ಡಿಗ್ರಿ ಅಂತರದಲ್ಲಿ, ಪಕ್ಕದಿಂದ ನೋಡಿದರೆ ಕೂಡಿಸುವ ಚಿಹ್ನೆಯಂತೆ ನಿಂತಿರುತ್ತವೆ. ಎರಡು ಪಿಸ್ಟನ್ನುಗಳು ನಿಂತ ಕ್ಷಣದಲ್ಲಿ ಉಳಿದೆರಡು ಭರದಿಂದ ಓಡುತ್ತಿರುತ್ತವೆ. ಜಗ್ಗಾಟ ಬಹುಮಟ್ಟಿಗೆ ಅಲ್ಲಿಗೇ ಅಡಗುತ್ತದೆ. ಸವಾರನ ಕೈಗೂ ಟೈರಿಗೂ ನಡುವೆ ಏನೂ ಅಡ್ಡ ನಿಲ್ಲದಂತಾಗುತ್ತದೆ. ರೇಸಿನಿಂದ ಬಂದ ಬೈಕು ಎಂದೊಡನೆ ನಾವು ಗರಿಷ್ಠ ವೇಗವನ್ನೇ ಕೇಳುತ್ತೇವೆ, ಆದರೆ ನನ್ನ ದೃಷ್ಟಿಯಲ್ಲಿ ಆರ್‌ಒನ್‌ನ ದೊಡ್ಡ ಗಳಿಕೆ ಈ ಸ್ಪಷ್ಟತೆಯೇ.

ಇದಕ್ಕೆ ಬೆಲೆಯೂ ಇದೆ. ಸಿಲಿಂಡರುಗಳಲ್ಲಿ ಇಂಧನ ಸಮ ಅಂತರದಲ್ಲಿ ಉರಿಯದೆ, ಕ್ರ್ಯಾಂಕ್‌ಶಾಫ್ಟ್ ತಿರುಗುವ ಲೆಕ್ಕದಲ್ಲಿ 270, 180, 90, 180 ಡಿಗ್ರಿಗಳ ಅಂತರದಲ್ಲಿ ಉರಿಯುತ್ತದೆ. ಎಂಜಿನ್ ಎಡಬಲಕ್ಕೆ ಓಲಾಡತೊಡಗುವುದರಿಂದ ಅದನ್ನು ಹತ್ತಿಕ್ಕಲು ಬ್ಯಾಲೆನ್ಸರ್ ಶಾಫ್ಟ್ ಬೇಕು, ಅದರ ತೂಕವನ್ನೂ ಹೊರಬೇಕು. ಆದರೆ ಆ ಏರುಪೇರಿನ ಅಂತರದಿಂದಲೇ ಬರುವ ಗಡುಸಾದ ಗುಡುಗು ದನಿಯನ್ನು ಒಮ್ಮೆ ಕೇಳಿದವರು ಇತರ ನಾಲ್ಕು ಸಿಲಿಂಡರಿನ ಬೈಕುಗಳ ಕೀರಲು ದನಿಯ ನಡುವೆಯೂ ಗುರುತಿಸಬಲ್ಲರು.

2009ರಲ್ಲಿ ಈ ಎಂಜಿನ್ ರಸ್ತೆಯ ಆರ್‌ಒನ್‌ಗೆ ಬಂತು. ಅದೇ ವರ್ಷ ಅಮೆರಿಕದ ಬೆನ್ ಸ್ಪೀಸ್, ಅಂಗಡಿಯಲ್ಲಿ ಮಾರುವ ಬೈಕುಗಳನ್ನೇ ಆಧರಿಸಿದ ವಿಶ್ವ ಸೂಪರ್‌ಬೈಕ್ ಸ್ಪರ್ಧೆಯಲ್ಲಿ ಅದರ ಮೇಲೆ ಕುಳಿತು ಪ್ರಶಸ್ತಿ ಗೆದ್ದರು. ಯುರೋಪಿನಲ್ಲಿ 2025ರಿಂದ ಹೊಗೆಯ ನಿಯಮಗಳ ಕಾರಣಕ್ಕೆ ಆರ್‌ಒನ್ ಅನ್ನು ಟ್ರ್ಯಾಕಿನ ಬಳಕೆಗೆ ಮಾತ್ರ ಮಾರಲಾಗುತ್ತಿದೆ. ಇದು ನನಗೆ ಬೇಸರದ ಸಂಗತಿ. ಆದರೆ ಇದೇ ತತ್ವದ ಮೇಲೆ 270 ಡಿಗ್ರಿಯ ಎರಡು ಸಿಲಿಂಡರಿನ ಎಂಜಿನ್ನನ್ನೂ ಯಮಹಾ ಮಾಡಿದೆ. ಎಂಟಿ-07 ಎಂಬ, ಆರ್‌ಒನ್‌ಗಿಂತ ಬಹಳ ಕಡಿಮೆ ಬೆಲೆಯ ಬೈಕಿನಲ್ಲಿ ಅದು ದಿನನಿತ್ಯದ ಸವಾರರಿಗೂ ಸಿಗುತ್ತಿದೆ.

ನಮಸ್ಕಾರ.