ಊರಿನ ಹಳೆಯ ಚಿತ್ರಕಾರ್ಡು: ಎರಡೂ ಬದಿ ಓದುವುದು

ಕೇಳುಗರಿಗೆ ನಮಸ್ಕಾರ. ಊರಿನ ಇತಿಹಾಸಕ್ಕೆಂದು ಹಳೆಯ ಚಿತ್ರಕಾರ್ಡು, ಅಂದರೆ ಒಂದು ಬದಿಯಲ್ಲಿ ಚಿತ್ರವಿರುವ ಅಂಚೆ ಕಾರ್ಡು, ಬೇಕಾದವರು ಮೊದಲು ಹುಡುಕುವುದು ಆ ಊರಿನಲ್ಲೇ. ಅಲ್ಲಿ ಸಿಗುವುದು ಕಡಿಮೆ. ಪ್ರವಾಸಿಗರು, ಸೈನಿಕರು, ವರ್ಗವಾಗಿ ಬಂದ ನೌಕರರು ಕಾರ್ಡು ಕೊಂಡು ದೂರದವರಿಗೆ ಕಳಿಸಿಬಿಟ್ಟಿರುತ್ತಾರೆ. ಹಾಗಾಗಿ ಬೇರೆ ಊರಿನ ಅಂಚೆಚೀಟಿ ವ್ಯಾಪಾರಿಗಳಲ್ಲಿ, ಆನ್‌ಲೈನ್ ಹರಾಜಿನಲ್ಲಿ ಕೇಳಿ. ಊರಿನ ಹೆಸರನ್ನು ಹಳೆಯ ಕಾಗುಣಿತದಲ್ಲೂ ತಪ್ಪು ಕಾಗುಣಿತದಲ್ಲೂ ಹುಡುಕಿ. ಬರೀ ‘ಸೇತುವೆ’ ಎಂದು ನಮೂದಾದ ಕಾರ್ಡು ನಿಮ್ಮೂರಿನದೇ ಆಗಿರಬಹುದು.

ಕಾರ್ಡು ಸಿಕ್ಕಿತು, ಕಾಲ ಯಾವುದು? ಮೊದಲು ಹಿಂಬದಿ ನೋಡಿ. ಆರಂಭದಲ್ಲಿ ಆ ಬದಿ ವಿಳಾಸಕ್ಕಷ್ಟೇ ಮೀಸಲಾಗಿತ್ತು. ಸುದ್ದಿಯನ್ನು ಚಿತ್ರದ ಅಂಚಿನಲ್ಲಿ ಬರೆಯಬೇಕಿತ್ತು. ನಡುವೆ ಗೆರೆ ಎಳೆದು ಒಂದೆಡೆ ಸುದ್ದಿ, ಇನ್ನೊಂದೆಡೆ ವಿಳಾಸ ಬರೆಯಲು ಬ್ರಿಟನ್ 1902ರಲ್ಲಿ, ಅಮೆರಿಕ 1907ರಲ್ಲಿ ಅವಕಾಶ ಕೊಟ್ಟವು. ಗೆರೆ ಇದ್ದರೆ ಕಾರ್ಡು ಅದಕ್ಕೂ ಹಿಂದಿನದಲ್ಲ.

ಅಂಚೆ ಮುದ್ರೆಯ ತಾರೀಖನ್ನೇ ಚಿತ್ರ ತೆಗೆದ ದಿನವೆಂದು ಬರೆದುಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಚಿತ್ರ ಅದಕ್ಕಿಂತ ಈಚಿನದಲ್ಲ ಎಂದಷ್ಟೇ ಮುದ್ರೆ ಹೇಳುತ್ತದೆ. ಪ್ರಕಾಶಕರು ಒಂದೇ ನೆಗೆಟಿವ್ ಅನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಮುದ್ರಿಸುತ್ತಿದ್ದರು. ತಂತಿ, ಕಂಬ, ಜನರನ್ನು ತಿದ್ದಿ ಅಳಿಸುತ್ತಿದ್ದರು. ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ಹಚ್ಚಿದವರು ಎಷ್ಟೋ ಸಲ ಆ ಊರನ್ನೇ ನೋಡಿರಲಿಲ್ಲ. ಛಾವಣಿಯ ಕೆಂಪು ಬಣ್ಣವನ್ನು ದಾಖಲೆಯೆಂದು ನಂಬಬೇಡಿ. ಅದೇ ನೋಟದ ಇನ್ನೊಂದು ಕಾರ್ಡು ಸಿಕ್ಕರೆ ಅಕ್ಕಪಕ್ಕ ಇಟ್ಟು ನೋಡಿ. ತಿದ್ದಿದ್ದು ಥಟ್ಟನೆ ಕಾಣುತ್ತದೆ. ಹತ್ತುಪಟ್ಟು ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕೆ ಕಂಡರೆ ಅದು ಮುದ್ರಣ. ಬೂದು ಛಾಯೆ ಎಲ್ಲೂ ಒಡೆಯದೆ ಹರಿದಿದ್ದರೆ ಅಸಲಿ ಫೋಟೋ ಇರಬಹುದು.

ಎರಡೂ ಬದಿಯನ್ನು 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿ, ಟಿಫ್ (TIFF) ಎಂಬ ಚಿತ್ರ ಕಡತವಾಗಿ ಉಳಿಸಿ. ಖಾಲಿ ಹಿಂಬದಿಯನ್ನೂ ಬಿಡಬೇಡಿ. ಪ್ರಕಾಶಕರ ಹೆಸರು, ಕ್ರಮಸಂಖ್ಯೆ ಇರುವುದು ಅಲ್ಲೇ. ಆಲ್ಬಂಗೆ ಅಂಟಿದ್ದನ್ನು ಕಿತ್ತರೆ ಹಿಂಬದಿಯ ಬರಹ ಕಾಗದದೊಡನೆ ಕಿತ್ತು ಬರುತ್ತದೆ, ನೆನೆಸಿದರೆ ಶಾಯಿ ಹರಡುತ್ತದೆ. ಪುಟವನ್ನೇ ಸ್ಕ್ಯಾನ್ ಮಾಡಿ. ಅಂಚೆಚೀಟಿ ಬಿಡಿಸಿದರೆ ಮುದ್ರೆಯ ಅರ್ಧ ಅದರೊಡನೆ ಹೋಗುತ್ತದೆ. ಪಿವಿಸಿ ಎಂಬ ಪ್ಲಾಸ್ಟಿಕ್‌ನ ಚೀಲ ಕಾಲಕ್ರಮೇಣ ಜಿಗುಟಾಗಿ ಕಾರ್ಡಿಗೆ ಹತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಚೀಲ ಬಳಸಿ. ರಬ್ಬರ್‌ಬ್ಯಾಂಡ್ ಬೇಡವೇ ಬೇಡ.

ಊರಿನ ಯಾವುದಾದರೂ ಮನೆಯವರು ನೋಡಲು ಕೊಟ್ಟ ಕಾರ್ಡನ್ನು ಅಲ್ಲೇ ಸ್ಕ್ಯಾನ್ ಮಾಡಿ, ಅವರ ಕಣ್ಣೆದುರೇ ಹಿಂದಿರುಗಿಸಿ. ಚಿತ್ರದಲ್ಲಿರುವುದು ಯಾರು, ಯಾವ ಬೀದಿ ಎಂದು ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಕೇಳಿದ ತಾರೀಖಿನೊಡನೆ ಬರೆದುಕೊಳ್ಳಿ.